ಪ್ರಾರ್ಥನೆ ಮಾಡುತ್ತೇನೆ, ಆದರೆ ಅಲ್ಮೇರಾ ಮೇಲಿನ ಹಸಿರು ಕವರ್ ಕೆಳಗಿಳಿಸಲು ಆಗುತ್ತಿಲ್ಲ

ಬೆಟಗೇರಿ ಗಣಿತ ಮೇಷ್ಟ್ರು

ನನಗೆ 43 ವರ್ಷ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತ ಸಭೆಯಲ್ಲಿರುವ ಮನೆತನ ನಮ್ಮದು. ಕಾಲು ಗಟ್ಟಿಯಿರುವ ತನಕ ಭಾನುವಾರ ದೇವಾಲಯದ ಗಂಟೆ ಹೊಡೆದವರು ನಮ್ಮಪ್ಪ. ಅವರು ತೀರಿಕೊಂಡು ಎರಡು ವರ್ಷ ನಾಲ್ಕು ತಿಂಗಳಾಯಿತು.

ಅವರ ಹೆಸರಲ್ಲಿ ಎರಡೆಕರೆ ಎರೆಹೊಲ ಇದೆ. ಪೌತಿ ಖಾತೆ ಆಗಬೇಕು, ಅಂದರೆ ಹೊಲ ವಾರಸುದಾರರಾದ ನಮ್ಮ ಹೆಸರಿಗೆ ಬರಬೇಕು. ಮರಣ ಪ್ರಮಾಣಪತ್ರ, ಪಹಣಿ, ಆಧಾರ್ ಪ್ರತಿಗಳು, ವಂಶವೃಕ್ಷದ ಅರ್ಜಿ ಎಲ್ಲವನ್ನೂ ಒಂದು ಹಸಿರು ಪ್ಲಾಸ್ಟಿಕ್ ಕವರಿಗೆ ಹಾಕಿ ಅಲ್ಮೇರಾ ಮೇಲಿಟ್ಟಿದ್ದೇನೆ. ನಾಡಕಚೇರಿ ದೂರವೇನಿಲ್ಲ, ಬೈಕಿನಲ್ಲಿ ಹದಿನೈದು ನಿಮಿಷ. ಕವರಿನ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು ಕೂತಿದೆ.

ತಂಗಿ ಹೊಸಪೇಟೆಯಲ್ಲಿದ್ದಾಳೆ. ಮಗಳ ನರ್ಸಿಂಗ್ ಓದಿಗೆ ಸಾಲ ಎತ್ತಬೇಕು, ಪಹಣಿಯಲ್ಲಿ ಹೆಸರು ಬಂದರೆ ಅವಳಿಗೆ ಅನುಕೂಲ. ಅವಳ ಫೋನ್ ನಾನು ಎತ್ತುವುದಿಲ್ಲ. ಮೊನ್ನೆ ತಿದ್ದಬೇಕಾದ ನೋಟ್‌ಬುಕ್ಕುಗಳ ಮೇಲೆ ಫೋನ್ ಬೋರಲು ಹಾಕಿದ್ದೆ. ರಿಂಗಾಗುತ್ತಾ, ನಡುಗುತ್ತಾ, ಅಂಚಿನ ತನಕ ಸರಿದು ಬಂತು. ಬೀಳದಂತೆ ಅಂಗೈ ಅಡ್ಡ ಇಟ್ಟೆನೇ ಹೊರತು ಎತ್ತಲಿಲ್ಲ. ನಿಂತ ಮೇಲೆ ‘ಮೀಟಿಂಗ್‌ನಲ್ಲಿದ್ದೆ’ ಅಂತ ಮೆಸೇಜ್ ಹಾಕಿದೆ. ಯಾವ ಮೀಟಿಂಗೂ ಇರಲಿಲ್ಲ. ಅವಳು ಬರೆದಳು: ‘ಅಣ್ಣಾ, ನಾ ಬೈಯೂದಿಲ್ಲ. ಬರೇ ಫೋನ್ ಎತ್ತು.’

ಶಾಲೆಯ ಕೆಲಸ ನಾನು ಒಂದು ದಿನವೂ ಬಾಕಿ ಇಟ್ಟವನಲ್ಲ. ಇದೊಂದೇ ಹೀಗೆ. ಮತ್ತು ನನ್ನನ್ನು ಹೆದರಿಸುತ್ತಿರುವುದು ಇನ್ನೊಂದು ಸಂಗತಿ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಇದೇ ವಿಷಯಕ್ಕಾಗಿ ಪ್ರಾರ್ಥಿಸುತ್ತೇನೆ, ‘ಕರ್ತನೇ, ದಾರಿ ತೆರೆ’ ಅಂತ. ಆಮೆನ್ ಅಂದ ಕೂಡಲೇ ಎದೆ ಹಗುರಾಗುತ್ತದೆ, ಅರ್ಜಿ ಕೊಟ್ಟೇ ಬಂದೆನೇನೋ ಅನ್ನುವಷ್ಟು. ಆಮೇಲೆ ಇಡೀ ದಿನ ಏನೂ ಮಾಡುವುದಿಲ್ಲ. ಯಾರಾದರೂ ಕೇಳಿದರೆ ‘ದೇವರ ಸಮಯ ಬರಲಿ’ ಅನ್ನುತ್ತೇನೆ. ನನಗೆ ಪ್ರಾರ್ಥನೆಯೇ ಅಡಗಿಕೊಳ್ಳುವ ಜಾಗವಾಗಿಬಿಟ್ಟಿದೆಯೇ? ಸೋಮಾರಿಗೆ ಇರುವೆಯನ್ನು ತೋರಿಸುವ ಬೈಬಲಿನ ಜ್ಞಾನೋಕ್ತಿ ನನಗೆ ಬಾಯಿಪಾಠ, ಸಂಡೇಸ್ಕೂಲಿನಲ್ಲಿ ನಾನೇ ಕಲಿಸಿದ್ದೇನೆ. ಅದರಾಚೆ ಏನಾದರೂ ಇದ್ದರೆ ದಯವಿಟ್ಟು ಹೇಳಿ.

ಮೈಸೂರು ಅಕ್ಕ

ನಾವು ಕಥೋಲಿಕರು. ಪೂಜೆಯ ಆರಂಭದಲ್ಲಿ ಪಾಪ ಒಪ್ಪಿಕೊಳ್ಳುವಾಗ ಮಾಡಿದ್ದರ ಜೊತೆಗೆ ಮಾಡದೆ ಬಿಟ್ಟದ್ದನ್ನೂ ಹೇಳಿ ಎದೆ ತಟ್ಟಿಕೊಳ್ಳುತ್ತೇವೆ. ನಾಡಕಚೇರಿ ಆಮೇಲೆ ಆಗಲಿ. ಮೊದಲು ಆ ‘ಮೀಟಿಂಗ್’ ಸುಳ್ಳನ್ನು ತಂಗಿಗೆ ಹೇಳಿಬಿಡಿ. ಅವಳು ಬೈಯುವುದಿಲ್ಲ ಅಂತ ಮೊದಲೇ ಮಾತು ಕೊಟ್ಟಿದ್ದಾಳಲ್ಲ.

ಉಡುಪಿ ನಿವೃತ್ತ ಸಭಾಪಾಲಕ

ಮೇಷ್ಟ್ರೇ, ನೀವು ಕೇಳಿದ್ದಕ್ಕೆ ನನ್ನ ಉತ್ತರ ಹೌದು. ಪ್ರಾರ್ಥನೆ ಅಡಗುವ ಜಾಗವಾಗಬಲ್ಲದು. ನನಗೂ ಆಗಿತ್ತು. ಸಭೆಯ ಒಬ್ಬ ಹಿರಿಯರು ಕ್ಯಾನ್ಸರಿನಿಂದ ಮಲಗಿದ್ದರು. ಅವರಿಗೂ ನನಗೂ ಹಳೆಯ ಮನಸ್ತಾಪ. ಹತ್ತು ವಾರ ಪೀಠದಿಂದ ಅವರಿಗಾಗಿ ಪ್ರಾರ್ಥಿಸಿದೆ, ಮನೆಗೆ ಮಾತ್ರ ಹೋಗಲಿಲ್ಲ. ಹೋದದ್ದು ಸಮಾಧಿ ಸಂಸ್ಕಾರಕ್ಕೆ. ಅವರ ಹೆಂಡತಿ ನನಗೆ ಕುರ್ಚಿ ಹಾಕಿ, ‘ಅಯ್ಯನವರು ಬರ್ತಾರೆ ಅಂತ ದಿನಾ ಗೇಟ್ ನೋಡ್ತಾ ಇದ್ರು’ ಅಂದರು. ಅಷ್ಟೇ ಅಂದರು.

ಯೇಸು ಹೇಳಿದ ತಲಾಂತುಗಳ ಸಾಮ್ಯದಲ್ಲಿ ಯಜಮಾನ ಮೂವರು ಆಳುಗಳಿಗೆ ಹಣ ಒಪ್ಪಿಸಿ ಹೋಗುತ್ತಾನೆ. ಅದನ್ನು ದುಡಿಸದೆ ಹೂತಿಟ್ಟ ಮೂರನೆಯ ಆಳನ್ನು ಮೈಗಳ್ಳ ಅನ್ನುತ್ತಾನೆ, ನಿಜ. ಆದರೆ ಆಳು ಕೊಡುವ ಕಾರಣ ಬೇರೆ, ‘ಹೆದರಿದೆ’ ಅನ್ನುತ್ತಾನೆ. ಒಂದು ತಲಾಂತು ಅಂದರೆ 6,000 ದೀನಾರಿ, ಅಂದಿನ ರೋಮನ್ ಬೆಳ್ಳಿ ನಾಣ್ಯ. ದಿನಗೂಲಿ ಒಂದು ದೀನಾರಿ ಇದ್ದ ಕಾಲದಲ್ಲಿ ಅದು ಹೆಚ್ಚುಕಡಿಮೆ ಇಪ್ಪತ್ತು ವರ್ಷದ ದುಡಿಮೆ. ಅಷ್ಟನ್ನು ಹೂಳಲು ಅವನು ಗುಂಡಿ ತೋಡಿದ, ಬೆವರು ಸುರಿಸಿದ. ನೀವೂ ಎಲ್ಲ ಕಾಗದ ಜೋಡಿಸಿ, ಕವರಿಗೆ ಹಾಕಿ, ಕೈಗೆ ಸುಲಭವಾಗಿ ಸಿಗದ ಕಡೆ ಇಟ್ಟಿದ್ದೀರಿ. ಯಾವುದಕ್ಕೆ ಹೆದರುತ್ತೀರಿ ಅಂತ ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ.

‘ದೇವರ ಸಮಯ’ದ ಮಾತು: ಅಪೊಸ್ತಲರ ಕೃತ್ಯಗಳು 24ರಲ್ಲಿ ಸೆರೆಯಲ್ಲಿದ್ದ ಅಪೊಸ್ತಲ ಪೌಲನ ಮಾತಿಗೆ ನಡುಗಿದ ರೋಮನ್ ಅಧಿಪತಿ ಫೇಲಿಕ್ಸ್, ಈಗ ಹೋಗು, ಅನುಕೂಲವಾದಾಗ ಕರೆಸುತ್ತೇನೆ ಅನ್ನುತ್ತಾನೆ. ಹಾಗೇ ಎರಡು ವರ್ಷ ಕಳೆಯುತ್ತದೆ, ಪೌಲ ಸೆರೆಯಲ್ಲೇ ಇರುತ್ತಾನೆ. ನೀವು ಕಾಯುತ್ತಿರುವುದು ಫೇಲಿಕ್ಸನ ಸಮಯಕ್ಕೆ ಅಂತ ನನಗೆ ಅನಿಸುತ್ತದೆ. ಕಟುವಾಯಿತು, ಕ್ಷಮಿಸಿ.

ಮಾಡುವುದು ಹೇಗೆ? ಈಜಿಪ್ಟಿನ ಮರುಭೂಮಿಯಲ್ಲಿದ್ದ ಸಂತ ಅಂತೋನಿಯವರ ಬಗ್ಗೆ ಒಂದು ಕಥೆ ಇದೆ. ಮನಸ್ಸು ಜಡವಾಗಿ ಏನೂ ಬೇಡವೆನಿಸಿದಾಗ ಅವರು ದೇವರನ್ನು ದಾರಿ ಕೇಳಿದರಂತೆ. ಹೊರಗೆ ತಮ್ಮಂತೆಯೇ ಇರುವ ಒಬ್ಬ ಕಂಡ. ಕೂತು ಹಗ್ಗ ಹೆಣೆದ, ಎದ್ದು ಪ್ರಾರ್ಥಿಸಿದ, ಮತ್ತೆ ಕೂತು ಹೆಣೆದ. ಅವನು ದೇವದೂತ, ‘ಹೀಗೆ ಮಾಡು’ ಅಂದ. ನನ್ನ ತಾಯಿ ಮಡಲು ಹೆಣೆಯುತ್ತಿದ್ದುದು ಹಾಗೆಯೇ: ಗರಿ ದಾಟಿಸುವಾಗ ಕೈ, ಗರಿ ಬದಲಿಸುವಾಗ ತುಟಿ. ನೀವು ಪ್ರಾರ್ಥನೆ ಬಿಡಬೇಡಿ. ಕವರನ್ನು ಇಳಿಸಿ ಬೈಬಲ್ ಪಕ್ಕ ಇಡಿ. ಒಂದು ಕಾಗದ ಕೈಯಲ್ಲಿ ಹಿಡಿದೇ ಪ್ರಾರ್ಥಿಸಿ, ಆಮೆನ್ ಆದ ಮೇಲೆ ಆ ಕಾಗದದ ಕೆಲಸ ಮುಗಿಸಿಯೇ ಏಳಿ. ದಿನಕ್ಕೆ ಒಂದೇ ಕಾಗದ. ಆ ಹೊತ್ತಿನ ಪಾಡು ಆ ಹೊತ್ತಿಗೆ ಸಾಕು.

ಬೆಟಗೇರಿ ಗಣಿತ ಮೇಷ್ಟ್ರು

ಅಯ್ಯನವರೇ, ನೀವು ಹೇಳಿದಂತೆ ಇವತ್ತು ಬೆಳಿಗ್ಗೆ ಕವರ್ ಇಳಿಸಿದೆ. ಕೈಗೆ ಬಂದದ್ದು ವಂಶವೃಕ್ಷದ ಅರ್ಜಿ. ಪೂರ್ತಿ ತುಂಬಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಅಮ್ಮನ ಹೆಸರು, ನನ್ನದು, ತಂಗಿಯದು ಎಲ್ಲ ಇದೆ. ಅಪ್ಪನ ಹೆಸರಿನ ಮುಂದೆ ‘ಮೃತ’ ಅಂತ ಬರೆಯುವ ಜಾಗ ಖಾಲಿ ಇದೆ. ಎರಡು ವರ್ಷದ ಹಿಂದೆ ಅಲ್ಲಿಗೆ ಬಂದು ಪೆನ್ನು ಮುಚ್ಚಿಟ್ಟಿದ್ದೆ ಅನ್ನುವುದು ಈಗ ನೆನಪಾಯಿತು.

ಖಾತೆ ಆದರೆ ಪಹಣಿಯ ಒಂಬತ್ತನೇ ಕಾಲಂನಿಂದ ಅವರ ಹೆಸರು ಹೋಗುತ್ತದೆ, ನಮ್ಮದು ಬರುತ್ತದೆ. ಹೆದರಿಕೆ ಕಚೇರಿಯದ್ದಲ್ಲ, ಇದು. ಬರೆಯಲು ಇವತ್ತೂ ಆಗಲಿಲ್ಲ. ಶಾಲೆಗೆ ತಡವಾಗಿ ಹೋದೆ.

ನೈಟ್ ಡ್ಯೂಟಿ ಸಿಸ್ಟರ್

ಸರ್, ಹಾಗಿದ್ದರೆ ಇದನ್ನು ಸೋಮಾರಿತನದ ಲೆಕ್ಕಕ್ಕೆ ಹಾಕಬೇಡಿ, ಇದು ದುಃಖ. ಪ್ರವಾದಿ ಎಲೀಯನು ಒಂದು ಗಿಡದ ಕೆಳಗೆ ಮಲಗಿ ಸಾಯಲು ಬೇಡಿಕೊಂಡಾಗ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಎಬ್ಬಿಸಿ ಮತ್ತೆ ಉಣ್ಣಿಸಿದ ಮೇಲೆಯೇ ಹೋರೇಬ್ ಬೆಟ್ಟದ ದಾರಿ.

ನಿದ್ದೆ ಬರುತ್ತಿದೆಯಾ? ಊಟ ಸೇರುತ್ತಿದೆಯಾ? ವಾರಗಟ್ಟಲೆ ಇಲ್ಲ ಅನ್ನುವುದಾದರೆ ವೈದ್ಯರನ್ನು ನೋಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಡಾಕ್ಟರ ಹತ್ತಿರ ಹೋದರೆ ವಿಶ್ವಾಸ ಕಡಿಮೆಯಾಯಿತು ಅಂತ ನಮ್ಮ ಸಭೆಗಳಲ್ಲಿ ಹೇಳುವವರಿದ್ದಾರೆ. ಆ ಮಾತು ಕೇಳಿ ತಡವಾಗಿ ಬಂದವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಕಿವಿಗೆ ಹಾಕಿಕೊಳ್ಳಬೇಡಿ.

ಉಡುಪಿ ನಿವೃತ್ತ ಸಭಾಪಾಲಕ

ಸಿಸ್ಟರ್ ಹೇಳಿದ್ದು ಸರಿ. ನಾನು ಅವಸರಪಟ್ಟೆ. ತೀರಿಕೊಂಡ ಗೆಳೆಯ ಲಾಜರನ ಸಮಾಧಿಯ ಬಳಿ ಯೇಸು ಮೊದಲು ಕಣ್ಣೀರಿಟ್ಟ, ಆಮೇಲೆ ‘ಕಲ್ಲನ್ನು ತೆಗೆಯಿರಿ’ ಅಂದ. ಕಲ್ಲು ತೆಗೆದವರು ಅಲ್ಲಿ ಸೇರಿದ್ದ ಜನ. ಮೇಷ್ಟ್ರೇ, ನೀವು ಒಬ್ಬರೇ ಆ ಕಲ್ಲಿಗೆ ಕೈ ಹಾಕಿದ್ದೀರಿ. ಅಪ್ಪ ಅವಳಿಗೂ ಅಪ್ಪನೇ. ತಂಗಿಯನ್ನು ಕರೆಯಿರಿ.

ಬೆಟಗೇರಿ ಗಣಿತ ಮೇಷ್ಟ್ರು

ಹನ್ನೊಂದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಅಂದು ರಾತ್ರಿಯೇ ತಂಗಿಗೆ ಫೋನ್ ಮಾಡಿ ಮೀಟಿಂಗ್ ಸುಳ್ಳು ಹೇಳಿಕೊಂಡೆ. ‘ಗೊತ್ತಿತ್ತು’ ಅಂದಳು. ಮೃತ ಅನ್ನುವ ಪದದ ವಿಷಯ ಹೇಳಿದಾಗ ಬಹಳ ಹೊತ್ತು ಮಾತಾಡಲಿಲ್ಲ. ಶನಿವಾರ ರೈಲಿಗೆ ಬಂದಳು. ಅಡುಗೆಮನೆಯ ಮೇಜಿನ ಮೇಲೆ ಅರ್ಜಿ ಹರಡಿದೆವು. ಫ್ಯಾನ್ ಗಾಳಿಗೆ ಕಾಗದ ಏಳುತ್ತಿತ್ತು, ಅವಳು ಎರಡೂ ಕೈಯಿಂದ ಒತ್ತಿ ಹಿಡಿದಳು, ನಾನು ಬರೆದೆ. ಅಮ್ಮ ಒಳಗಿನಿಂದ ಅಪ್ಪನ ಕನ್ನಡಕದ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು, ಏನೂ ಹೇಳದೆ ಹೋದಳು.

ಸೋಮವಾರ ಅರ್ಜಿ ಕೊಟ್ಟು ಬಂದೆ. ಸ್ವೀಕೃತಿ ಚೀಟಿ ಬೈಬಲ್ಲಿನಲ್ಲಿದೆ. ಗ್ರಾಮ ಆಡಳಿತಾಧಿಕಾರಿ ವಿಚಾರಣೆಗೆ ಗುರುವಾರ ಬರುತ್ತಾರಂತೆ, ಅವತ್ತು ತಂಗಿಯೂ ಇರುತ್ತಾಳೆ. ಸಿಸ್ಟರ್, ನಿದ್ದೆ ಇನ್ನೂ ಸರಿಯಿಲ್ಲ. ನಿನ್ನೆ 14416ಕ್ಕೆ ಕರೆ ಮಾಡಿದ್ದೆ. ಮುಂದಿನ ವಾರ ಜಿಲ್ಲಾಸ್ಪತ್ರೆಗೆ ಹೋಗಬೇಕು, ತಾರೀಖನ್ನು ಶಾಲೆಯ ಡೈರಿಯಲ್ಲಿ ಬರೆದಿಟ್ಟಿದ್ದೇನೆ.