ಫ್ರೀಬಿಎಸ್‌ಡಿ ಕರೆಂಟ್: ಹೊಸ ಸೋರ್ಸ್ ಯಾವಾಗ ಹಾಕಿಕೊಳ್ಳಬೇಕು?

ಪ್ರಶ್ನೆ: ದಿನನಿತ್ಯದ ಕೆಲಸದ ಲ್ಯಾಪ್‌ಟಾಪಿನಲ್ಲಿ ಫ್ರೀಬಿಎಸ್‌ಡಿ ಕರೆಂಟ್ (ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್ಮಿನ ಇನ್ನೂ ಅಭಿವೃದ್ಧಿಯಲ್ಲಿರುವ ಆವೃತ್ತಿ) ಇದೆ, ಡಿಸ್ಕಿನ ಫೈಲ್ ಸಿಸ್ಟಮ್ ಜೆಡ್‌ಎಫ್‌ಎಸ್. ಸೋರ್ಸಿನ ಮೇನ್ ಬ್ರ್ಯಾಂಚಿಗೆ ದಿನವೂ ಹತ್ತಾರು ಕಮಿಟ್ (ಕೋಡ್ ಬದಲಾವಣೆ) ಬೀಳುತ್ತವೆ. ವಾರಕ್ಕೊಮ್ಮೆ ಅಪ್‌ಡೇಟ್ ಮಾಡಬೇಕಾ, ತಿಂಗಳಿಗೊಮ್ಮೆ ಸಾಕಾ? ಬಳಸುತ್ತಿರುವವರು ತಿಳಿಸಿ.

ಉತ್ತರ: ಗಿಟ್ ಪುಲ್ (ಹೊಸ ಸೋರ್ಸ್ ಇಳಿಸಿಕೊಳ್ಳೋದು) ದಿನಾ ಮಾಡಿದರೂ ತೊಂದರೆಯಿಲ್ಲ ಸರ್, ಯಾವ ಕಮಿಟ್ ಬಿಲ್ಡ್ (ಕಂಪೈಲ್) ಮಾಡುತ್ತೀರಿ ಅನ್ನೋದೇ ಮುಖ್ಯ. ತುದಿಯದ್ದು, ಅಂದರೆ ತೀರಾ ಹೊಸದು, ಬೇಡ, ನಾಲ್ಕೈದು ದಿನ ಹಳೆಯದನ್ನು ಆರಿಸಿ. ಅಲ್ಲಿಂದ ತುದಿಯವರೆಗಿನ ಗಿಟ್ ಲಾಗ್ ತೆಗೆದು ‘ರಿವರ್ಟ್’ (ಹಿಂದಿನ ಕಮಿಟ್ ವಾಪಸ್ ತೆಗೆದದ್ದು), ‘ಫಿಕ್ಸಸ್’ (ಹಿಂದಿನ ಕಮಿಟಿನ ತಪ್ಪು ಸರಿಪಡಿಸಿದ್ದು) ಹುಡುಕಿ. ಫಿಕ್ಸಸ್ ಸಾಲಿನಲ್ಲಿರುವ ಹ್ಯಾಶ್ (ಕಮಿಟಿನ ಗುರುತು) ನೀವು ಆರಿಸಿದ ಕಮಿಟಿಗಿಂತ ಹಿಂದಿನದಾಗಿದ್ದರೆ ಆ ಬಗ್ ನಿಮ್ಮ ಬಿಲ್ಡಿಗೂ ಬರುತ್ತದೆ. ಸರಿಪಡಿಸಿದ ಕಮಿಟಿನವರೆಗೆ ಮುಂದೆ ಬನ್ನಿ. ಸೋರ್ಸ್ ಫೋಲ್ಡರಿನಲ್ಲೇ ಇರುವ ಅಪ್‌ಡೇಟಿಂಗ್ ಫೈಲನ್ನು ಮೇಲಿನಿಂದ ನಿಮ್ಮ ಹಿಂದಿನ ಬಿಲ್ಡಿನ ತಾರೀಕಿನವರೆಗೂ ಓದಲೇಬೇಕು. ಎಲ್‌ಎಲ್‌ವಿಎಂ (ಕಂಪೈಲರ್) ಅಥವಾ ಓಪನ್‌ಜೆಡ್‌ಎಫ್‌ಎಸ್‌ನ (ಜೆಡ್‌ಎಫ್‌ಎಸ್ ಕೋಡ್ ಬರುವ ಪ್ರಾಜೆಕ್ಟ್) ದೊಡ್ಡ ಇಂಪೋರ್ಟ್ ಈಗಷ್ಟೇ ಬಂದಿದ್ದರೆ ಒಂದು ವಾರ ತಡೆಯಿರಿ.

ಉತ್ತರ: ತುಂಬಾ ತಡ ಮಾಡೋದೂ ಒಳ್ಳೆಯದಲ್ಲ. ಏನಾದರೂ ಕೆಟ್ಟರೆ ಬೈಸೆಕ್ಟ್ (ಅಂತರವನ್ನು ಅರ್ಧರ್ಧ ಮಾಡುತ್ತಾ ಕೆಡಿಸಿದ ಕಮಿಟ್ ಹುಡುಕೋದು) ಮಾಡಬೇಕಲ್ಲ, ಸಾವಿರ ಕಮಿಟ್ ಅಂತರಕ್ಕೆ ಸುಮಾರು 10 ಸಲ ಕರ್ನಲ್ (ಸಿಸ್ಟಮ್ಮಿನ ತಿರುಳು) ಬಿಲ್ಡ್ ಮಾಡಿ ಬೂಟ್ ಮಾಡಬೇಕಾಗುತ್ತದೆ. ಎರಡು ಮೂರು ವಾರಕ್ಕೊಮ್ಮೆ ಹದವಾದ ಅಂತರ.

ಲ್ಯಾಪ್‌ಟಾಪ್ ಅಂದಿರಿ, ಹಾಗಾದರೆ ಡಿಆರ್‌ಎಂ ಮಾಡ್ಯೂಲ್ (ಗ್ರಾಫಿಕ್ಸ್ ಡ್ರೈವರ್) ಕಡೆ ಗಮನವಿರಲಿ. ಅದು ಬೇಸ್ ಸಿಸ್ಟಮ್ಮಿನಲ್ಲಿಲ್ಲ, ಪೋರ್ಟ್ಸ್‌ನಿಂದ (ಹೊರಗಿನ ಸಾಫ್ಟ್‌ವೇರ್ ಸಂಗ್ರಹ) ಬರುತ್ತದೆ. ಕರ್ನಲ್ಲಿನ ಒಳ ರಚನೆ ಬದಲಾದಾಗ ಹಳೆಯ ಮಾಡ್ಯೂಲ್ ಲೋಡ್ ಆಗದೇ ಇರಬಹುದು, ಪ್ಯಾನಿಕ್ಕೂ (ಕರ್ನಲ್ ಕುಸಿದು ನಿಲ್ಲೋದು) ಆಗಬಹುದು. ಪೋರ್ಟ್ಸ್ ಟ್ರೀ ಇಟ್ಟುಕೊಂಡು ‘ಪೋರ್ಟ್ಸ್_ಮಾಡ್ಯೂಲ್ಸ್’ ಸಾಲಿನಲ್ಲಿ ಅದರ ಹೆಸರು ಹಾಕಿದರೆ ಕರ್ನಲ್ ಜೊತೆಗೇ ಬಿಲ್ಡ್ ಆಗುತ್ತದೆ. ಲೋಡ್ ಮಾಡಿಸೋದನ್ನು ಆರ್‌ಸಿ ಕಾನ್ಫ್ ಫೈಲಿನ ಕೆಎಲ್‌ಡಿ ಲಿಸ್ಟ್ ಸಾಲಿನಲ್ಲಿಡಿ, ಕರ್ನಲ್ಲಿಗೂ ಮುಂಚೆ ಓದುವ ಲೋಡರ್ ಕಾನ್ಫ್ ಫೈಲಿನಲ್ಲಿ ಬೇಡ. ಆಗ ಸಿಂಗಲ್ ಯೂಸರ್ ಮೋಡಿಗೆ (ರಿಪೇರಿಗೆ ಬಳಸುವ ಕನಿಷ್ಠ ಬೂಟ್) ಹೋದರೆ ಮಾಡ್ಯೂಲ್ ಲೋಡ್ ಆಗೋದಿಲ್ಲ, ರಿಪೇರಿಗೆ ದಾರಿ ಸಿಗುತ್ತದೆ.

ಉತ್ತರ: ಜೆಡ್‌ಎಫ್‌ಎಸ್ ಇದೆಯಲ್ಲ, ಇನ್‌ಸ್ಟಾಲಿಗೆ ಮುಂಚೆ ಬಿಇಸಿಟಿಎಲ್ ಕಮಾಂಡಿನಲ್ಲಿ ಹೊಸ ಬೂಟ್ ಎನ್ವಿರಾನ್ಮೆಂಟ್ (ಕೆಟ್ಟರೆ ಹಿಂದಿರುಗಲು ಈಗಿನ ಸಿಸ್ಟಮ್ಮಿನ ಪ್ರತಿ) ಮಾಡಿಡಿ. ಆಮೇಲೆ ಬಿಲ್ಡ್‌ವರ್ಲ್ಡ್ (ವರ್ಲ್ಡ್ ಅಂದರೆ ಕರ್ನಲ್ ಬಿಟ್ಟು ಉಳಿದ ಬೇಸ್ ಸಿಸ್ಟಮ್), ಬಿಲ್ಡ್‌ಕರ್ನಲ್, ಇನ್‌ಸ್ಟಾಲ್‌ಕರ್ನಲ್, ರೀಬೂಟ್. ಹೊಸ ಕರ್ನಲ್ ಸರಿಯಾಗಿ ಎದ್ದ ಮೇಲಷ್ಟೇ ಇನ್‌ಸ್ಟಾಲ್‌ವರ್ಲ್ಡ್, ಅದರ ಹಿಂದೆ ಮುಂದೆ ಈಟಿಸಿಅಪ್‌ಡೇಟ್ (ಕಾನ್ಫಿಗ್ ಫೈಲುಗಳನ್ನು ಹೊಸದಕ್ಕೆ ಹೊಂದಿಸೋದು). ಹೊಸ ಕರ್ನಲ್ ಮೇಲೆ ಹಳೆಯ ವರ್ಲ್ಡ್ ಸಾಮಾನ್ಯವಾಗಿ ಓಡುತ್ತದೆ, ತಿರುಗುಮುರುಗಾದರೆ ನಂಬಿಕೆಯಿಲ್ಲ.

ಜೆಡ್‌ಪೂಲ್ ಅಪ್‌ಗ್ರೇಡ್ (ಡಿಸ್ಕಿನ ಜೆಡ್‌ಎಫ್‌ಎಸ್ ಪೂಲಿನಲ್ಲಿ ಹೊಸ ಫೀಚರ್ ತೆರೆಯೋದು) ಮಾತ್ರ ಅದೇ ದಿನ ಬೇಡವೇ ಬೇಡ. ಹೊಸ ಫೀಚರ್ ಪೂಲಿನಲ್ಲಿ ಒಮ್ಮೆ ಚಾಲೂ ಆದರೆ ಹಳೆಯ ಬೂಟ್ ಎನ್ವಿರಾನ್ಮೆಂಟಿನ ಕರ್ನಲ್ಲಿಗೆ ಆ ಪೂಲನ್ನು ತೆರೆಯಲು ಬರದೇ ಹೋಗಬಹುದು, ಕಾದಿಟ್ಟ ದಾರಿಯೇ ಮುಚ್ಚಿಹೋಗುತ್ತದೆ. ಇಎಫ್‌ಐ ಪಾರ್ಟಿಷನ್ನಿನ (ಬೂಟ್ ಶುರುವಾಗುವ ಜಾಗ) ಲೋಡರ್ ಫೈಲನ್ನು ಇನ್‌ಸ್ಟಾಲ್‌ವರ್ಲ್ಡ್ ಮುಟ್ಟೋದಿಲ್ಲ. ಪೂಲ್ ಅಪ್‌ಗ್ರೇಡಿಗೆ ಮುಂಚೆ ಅದನ್ನು ಕೈಯಾರೆ ಕಾಪಿ ಮಾಡಿ.

ಪ್ರಶ್ನೆ: ಬಿಲ್ಡ್‌ವರ್ಲ್ಡ್ ಅರ್ಧಕ್ಕೇ ನಿಂತರೆ?

ಉತ್ತರ: ಹೆದರಬೇಡಿ, ಓಡುತ್ತಿರುವ ಸಿಸ್ಟಮ್ಮಿಗೆ ಏನೂ ಆಗಿರೋದಿಲ್ಲ. ಆಬ್ಜೆಕ್ಟ್ ಫೋಲ್ಡರಿನಲ್ಲಿ ಹಿಂದಿನ ಬಿಲ್ಡಿನ ಫೈಲುಗಳು ಉಳಿದಿದ್ದರೂ ಹೀಗಾಗುತ್ತದೆ. ಅದನ್ನು ಖಾಲಿ ಮಾಡಿ ಇನ್ನೊಮ್ಮೆ ಓಡಿಸಿ. ಆಗಲೂ ಅದೇ ಜಾಗದಲ್ಲಿ ನಿಂತರೆ ಸೋರ್ಸ್ ಟ್ರೀಯೇ ಕೆಟ್ಟಿರುವ ಸಾಧ್ಯತೆ ಹೆಚ್ಚು, ಎರಡು ದಿನ ಬಿಟ್ಟು ಪುಲ್ ಮಾಡಿ ನೋಡಿ.