ಆಧಾರ್ ಊರಿನದ್ದು, ಮನೆ ಬೆಂಗಳೂರಲ್ಲಿ: ಅಂಗನವಾಡಿಗೆ ಮಗು ಸೇರಿಸಬಹುದಾ?

ಹಾಸನದವಳು:
ಮಗಳಿಗೆ ಮೂರು ವರ್ಷ ಎರಡು ತಿಂಗಳು. ಊರಲ್ಲಿದ್ದಾಗ ಅಂಗನವಾಡಿಯಿಂದ ತಿಂಗಳು ತಿಂಗಳು ಆಹಾರದ ಪೊಟ್ಟಣ ತರುತ್ತಿದ್ದೆ. ಈಗ ಬೆಂಗಳೂರಲ್ಲಿದ್ದೇವೆ. ಬೀದಿಯಲ್ಲೇ ಅಂಗನವಾಡಿ ಇದೆ. ಹೋಗಿ ಕೇಳಿದರೆ, "ನಿಮ್ಮ ಆಧಾರ್ ಊರಿನದ್ದು, ಮಗುವಿಗೆ ಆಧಾರೇ ಇಲ್ಲ, ಆಗಲ್ಲ" ಅಂದರು.

ಇನ್ನೊಂದು ಮಾತು. ಆ ಅಂಗನವಾಡಿ ಬಾಡಿಗೆಯ ಒಂದೇ ಕೋಣೆ. ಮೂಲೆಯಲ್ಲಿ ಗ್ಯಾಸ್ ಒಲೆ, ಕುಕ್ಕರ್ ಕೂಗುತ್ತಿರುತ್ತದೆ. ಅದರ ಪಕ್ಕದಲ್ಲೇ ಮಕ್ಕಳು ಚಾಪೆ ಮೇಲೆ. ಶೌಚಕ್ಕೆ ಮಾಲೀಕರ ಮನೆ ಹಿಂದೆ ಹೋಗಬೇಕು. ಹೀಗೆ ನಡೆಸಬಹುದಾ?

ಬೇರೆ ತಾಲ್ಲೂಕಿನ ಟೀಚರ್:
ಅಕ್ಕಾ, ನಾನೂ ಅಂಗನವಾಡಿ ಟೀಚರ್. ವಿಳಾಸ ನೋಡಿ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ಮಗುವಿನ ಆಧಾರ್ ಕಡ್ಡಾಯವಲ್ಲ, ತಾಯಿಯದ್ದು ಸಾಕು. ಅವರ ಕಷ್ಟ ಬೇರೆ ಇರಬಹುದು. ಅಂಗನವಾಡಿ ಮಕ್ಕಳ ಹೆಸರು ದಾಖಲಿಸುವ ಪೋಷಣ್ ಟ್ರ್ಯಾಕರ್ ಆಪ್‌ನಲ್ಲಿ ಮಗಳ ಹೆಸರು ಇನ್ನೂ ಊರಿನ ಕೇಂದ್ರದಲ್ಲೇ ಇರುತ್ತದೆ. ಊರಿನ ಟೀಚರ್‌ಗೆ ಫೋನ್ ಮಾಡಿ, ಈ ಕೇಂದ್ರಕ್ಕೆ ಬದಲಾಯಿಸಲು ಹೇಳಿ. ಗರ್ಭಿಣಿಯಿದ್ದಾಗ ಕೊಟ್ಟ, ಲಸಿಕೆ ಬರೆಯುವ ತಾಯಿ ಕಾರ್ಡ್ ಜೊತೆಗಿರಲಿ.

ಮೂರು ತುಂಬಿತಲ್ಲ, ಇನ್ನು ಪೊಟ್ಟಣ ಇಲ್ಲ. ಅಲ್ಲೇ ಊಟ. ವರ್ಷಕ್ಕೆ 300 ದಿನ ಅಂತ ಲೆಕ್ಕ.

ಕಟ್ಟಡದ ನಿಯಮ ಕೇಳಿದರೆ ನಗು ಬರುತ್ತದೆ. ಕನಿಷ್ಠ 600 ಚದರಡಿ, ಬೇರೆ ಅಡುಗೆಮನೆ, ದಾಸ್ತಾನು ಕೋಣೆ, ಮಕ್ಕಳಿಗೆ ಒಗ್ಗುವ ಶೌಚಾಲಯ, ಕುಡಿಯುವ ನೀರು, ಆಟಕ್ಕೆ ಜಾಗ. ನಮಗೆ ಕೊಡುವ ಬಾಡಿಗೆಗೆ ಪೇಟೆಯಲ್ಲಿ ಅಂಥ ಮನೆ ಯಾರು ಕೊಡುತ್ತಾರೆ? ತೂಕದ ಯಂತ್ರ, ಪಾತ್ರೆ ಹೊತ್ತುಕೊಂಡು ನಾನೇ ಮೂರು ಮನೆ ಬದಲಾಯಿಸಿದ್ದೇನೆ. ಸುಮ್ನೆ ಟೀಚರ್ ಮೇಲೆ ರೇಗಬೇಡಿ. ಆದರೆ ಒಲೆ ವಿಷಯ ಬಿಡಬೇಡಿ. ಅಂಗನವಾಡಿಯ ಕೆಲಸ ನೋಡಿಕೊಳ್ಳುವ, ತಾಯಂದಿರೂ ಇರುವ ಬಾಲವಿಕಾಸ ಸಮಿತಿಯಲ್ಲಿ ಎತ್ತಿ.

ಇಬ್ಬರು ಮಕ್ಕಳ ಅಪ್ಪ:
ಬಾಯಲ್ಲಿ ಹೇಳಿದರೆ ಗಾಳಿಗೆ ಹೋಗುತ್ತದೆ, ಬರೆದು ಕೊಡಿ ಮೇಡಂ. ನಮ್ಮ ಹಳ್ಳಿಯ ಮೂಲೆಯ ಕೇರಿಗೆ ಅಂಗನವಾಡಿಯೇ ಇರಲಿಲ್ಲ. ಹಳ್ಳಿಯಾಗಲಿ ಕೊಳೆಗೇರಿಯಾಗಲಿ, ಒಂದು ಕಡೆ ಆರು ವರ್ಷದೊಳಗಿನ 40 ಮಕ್ಕಳಿದ್ದರೆ, ಜನ ಕೇಳಿದ ಮೂರು ತಿಂಗಳೊಳಗೆ ಕೊಡಬೇಕು ಅಂತ 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮನೆಮನೆ ತಿರುಗಿ 43 ಹೆಸರು ಬರೆದು, ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ಕೊಟ್ಟೆವು. ಮೂರು ತಿಂಗಳಲ್ಲಿ ಬರಲಿಲ್ಲ, ಹನ್ನೊಂದು ತಿಂಗಳಾಯಿತು. ಆದರೆ ಬಂತು. ನಕಲು ಪ್ರತಿ ಮೇಲೆ ಸೀಲ್ ಹಾಕಿಸಿಕೊಳ್ಳೋದು ಮರೀಬೇಡಿ.

ಹಾಸನದವಳು:
ಊರಿನ ಟೀಚರ್ ಸಂಜೆಯೊಳಗೆ ಹೆಸರು ಬದಲಾಯಿಸಿ ಕೊಟ್ಟರು. ಇವತ್ತು ಮಗಳು ಮೊದಲ ದಿನ ಹೋದಳು. ಮೊಟ್ಟೆ ಪೂರ್ತಿ ತಿಂದಳಂತೆ, ಮನೆಯಲ್ಲಿ ಮುಟ್ಟೋದೇ ಇಲ್ಲ! ಒಲೆಗೆ ಅಡ್ಡವಾಗಿ ಎರಡು ಬೆಂಚು ಇಟ್ಟಿದ್ದಾರೆ. ಶೌಚಕ್ಕೆ ಇನ್ನೂ ಹಿಂದುಗಡೆಯೇ. ಅರ್ಜಿ ಬರೆಯುತ್ತಿದ್ದೇನೆ.