ಸಹಾಯ ಬೇಕು: ಓದು ಮುಗಿಯುವ ಮೊದಲು ಕೈಕೆಲಸ ಕಲಿಯಬೇಕು

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಡ್ರಾಯಿಂಗ್‌ನಲ್ಲಿ 25 ಎಚ್7 ಅಂತ ಕಂಡರೆ, ತೂತಿನ ಅಳತೆ 25.000ರಿಂದ 25.021 ಮಿ.ಮೀ. ಒಳಗೆ ಇರಬೇಕು ಅಂತ ಹೇಳಬಲ್ಲೆ. ಆದರೆ ಆ ಅಳತೆಗೆ ರೀಮರ್ (ತೂತನ್ನು ನಿಖರ ಅಳತೆಗೆ ತರುವ ಉಪಕರಣ) ಹಾಕಿ, ಬೋರ್ ಗೇಜ್ (ತೂತಿನ ಒಳ ಅಳತೆ ನೋಡುವ ಸಾಧನ) ಇಟ್ಟು ನೋಡುವ ಕೆಲಸ ಇನ್ನೂ ಕೈಗೆ ಹತ್ತಿಲ್ಲ. ಕಾಲೇಜಿನಲ್ಲಿ ಒಂದು ಲೇತ್ ಮಷೀನ್ ಸುತ್ತ ಇಡೀ ಬ್ಯಾಚ್ ನಿಂತರೆ ಕಲಿಯುವುದು ಕಷ್ಟ ಅಲ್ವಾ?

ಸುಮ್ನೆ ಸರ್ಟಿಫಿಕೇಟ್ ಕೊಡುವ ಇಂಟರ್ನ್‌ಶಿಪ್ ಬೇಡ. ಸಣ್ಣ ವರ್ಕ್‌ಶಾಪ್ ಆದರೂ ಸರಿ, ಅಲ್ಲೇ ಜಾಸ್ತಿ ಕಲಿಯಬಹುದು ಅನಿಸುತ್ತದೆ. ಮೊದಲು ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೇಳಲಾ, ನೇರ ಮಷೀನ್ ಕೆಲಸವನ್ನೇ ಕೇಳಲಾ? ಮಾಲೀಕರಿಗೆ ಏನು ತೋರಿಸಿದರೆ ಒಳಗೆ ಬಿಡುತ್ತಾರೆ? ನಾನೇ ಮಾಡಿದ ಕ್ಯಾಡ್ ಡ್ರಾಯಿಂಗ್‌ಗಳಿವೆ. ರಜೆಯಲ್ಲಿ ಪೂರ್ತಿ ದಿನ ಕೆಲಸಕ್ಕೆ ಬರಬಲ್ಲೆ. ಹೀಗೆ ಕಲಿತ ಅಣ್ಣಂದಿರು, ಅಕ್ಕಂದಿರು ಇದ್ದರೆ ದಯವಿಟ್ಟು ತಿಳಿಸಿ.